ಐದು ಕುಂಬಳಕಾಯಿ ಮತ್ತು ನೂರಕ್ಕೆ ನೂರು ಅಂಕ

ವಲಯದ ಪೊಲೀಸ್ ಠಾಣೆಗಳಿಗೆ ಅಂಕ ಕೊಡುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಭಾಗದ ಠಾಣೆಯೊಂದಕ್ಕೆ ತಾವು ಕೊಟ್ಟಿರುವ ನೂರಕ್ಕೆ ನೂರು ಅಂಕಗಳಲ್ಲಿ ಒಂದಷ್ಟನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ಕಳುವಾದ ಮಾಲನ್ನೆಲ್ಲ ಪತ್ತೆ ಹಚ್ಚಿ ಮಾಲೀಕರಿಗೆ ಮುಟ್ಟಿಸಿದ ಠಾಣೆ ಎಂದು ಅದಕ್ಕೆ ಫಲಕ ಬಂದಿದೆ, ಮೊಳೆ ಹೊಡೆದು ಗೋಡೆಗೆ ತೂಗುಹಾಕಿದ್ದೂ ಆಗಿದೆ. ಆ ಮಾಲೀಕರಲ್ಲಿ ನಾನೂ ಒಬ್ಬ. ನನ್ನ ಮಾಲು ನನಗೆ ಮುಟ್ಟಿಲ್ಲ. ಐದು ಕುಂಬಳಕಾಯಿ ಮುಟ್ಟಿವೆ. ಮೂರು ತಿಂಗಳಿಂದ ಅವು ನಮ್ಮ ಪಡಸಾಲೆಯಲ್ಲಿ ಕೂತಿವೆ.

ಮಿರಜದಲ್ಲಿ ಸಿತಾರು, ತಂಬೂರಿ ಮಾಡುವವರಿಗೆ ಒಣಗಿಸಿದ ಸೋರೆ ಬುರುಡೆ ಮಾರುವುದು ನಮ್ಮ ಮನೆತನದ ಕಸುಬು. ಒಳ್ಳೆಯ ಬುರುಡೆ ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಬೇಕು, ಬೆರಳ ಗೆಣ್ಣಿನಿಂದ ಬಡಿದರೆ ಒಳಗಿನಿಂದ ದನಿ ಏಳಬೇಕು. ನಮ್ಮಪ್ಪ ತಾವು ತೀರಿಕೊಳ್ಳುವ ವರ್ಷ ಒಂದು ದೊಡ್ಡ ಬುರುಡೆ ಆರಿಸಿ, ತೊಟ್ಟಿನ ಬಳಿ ಕಾಯಿಸಿದ ಕಬ್ಬಿಣದಿಂದ ಮೂರು ಗೆರೆ ಎಳೆದು, "ಇದು ಮಾರಾಕಲ್ಲ. ನಮ್ಮ ಮನ್ಯಾಗ ಯಾರರ ಹಾಡಾಕ ಕೂತ್ರ ಅವರಿಗೆ" ಎಂದು ಅಟ್ಟಕ್ಕೆ ಏರಿಸಿದ್ದರು. ಒಂಬತ್ತು ವರ್ಷದ ಮೇಲೆ ನನ್ನ ಮೊಮ್ಮಗಳು ಸಂಪದಾ ಹಾಡಲು ಕೂತಳು. ಅವಳ ತಂಬೂರಿಗೆ ಅದನ್ನು ಕೊಡಬೇಕು ಎನ್ನುವಷ್ಟರಲ್ಲಿ, ನಾವು ಸಾಂಗ್ಲಿಯ ಬೀಗರ ಮನೆಗೆ ಹೋಗಿದ್ದ ದಿನ, ಯಾರೋ ಅಟ್ಟ ಹತ್ತಿದರು. ಅರವತ್ತು ಬುರುಡೆಗಳಲ್ಲಿ ಅತ್ಯುತ್ತಮವಾದ ಐದನ್ನೇ ಒಯ್ದರು. ಅಪ್ಪನದೂ ಹೋಯಿತು.

ಠಾಣೆಯಲ್ಲಿ ಹವಾಲ್ದಾರ ಬಾಳಪ್ಪ ನಮ್ಮ ಹಾಗೆ ಕನ್ನಡ ಮಾತಿನವನೇ, ಕುರ್ಚಿ ಕೊಟ್ಟು ಕೂರಿಸಿದ. ತೊಂದರೆ ಕೊಟ್ಟದ್ದು ಕಂಪ್ಯೂಟರು. ಅದರ ಪಟ್ಟಿಯಲ್ಲಿ ಬಂಗಾರವಿದೆ, ಮೋಟಾರ್‌ಸೈಕಲ್ ಇದೆ, ಎಮ್ಮೆಯೂ ಇದೆ, ಸಿತಾರಿನ ಬುರುಡೆ ಇಲ್ಲ. ಬಾಳಪ್ಪ ತಲೆ ಕೆರೆದುಕೊಂಡು ಹೇಳಿದ, "ಸಾವ್ಕಾರ್ರ, ಬಳ್ಳಿಗೆ ಬೆಳೆಯೂದ ಹೌದಲ್ರಿ? ತರಕಾರಿ ಅಂತ ಹಾಕತೇನಿ. ಕುಂಬಳಕಾಯಿ, ದೊಡ್ಡವು, ಐದು. ತಪಾಸ ಮಾತ್ರ ಬರೋಬರಿ ಮಾಡತೇವ್ರಿ." ತಪಾಸು ಆಯಿತು. ಎರಡು ದಿನ ಕಾಯಿಪಲ್ಲೆ ಬಜಾರಿನ ಹೆಣ್ಣುಮಕ್ಕಳನ್ನೆಲ್ಲ ವಿಚಾರಿಸಿದರು. ಬುರುಡೆಯ ಗುಣ ಬಲ್ಲವನೇ ಒಯ್ದಿದ್ದಾನೆ, ವಾದ್ಯದ ಕಡೆ ಹುಡುಕಿ ಎಂದು ನಾನು ಅಂಗಲಾಚಿದೆ. ತರಕಾರಿ ಕದ್ದವನು ಸಂಗೀತಗಾರನಾಗಿರಲು ಹೇಗೆ ಸಾಧ್ಯ ಎಂಬುದು ಅವರ ತರ್ಕ. ತರ್ಕದಲ್ಲಿ ಅವರಿಗೆ ಅಂಕ ಕೊಡುತ್ತೀರಾ, ಮಾನ್ಯರೇ?

ಆಮೇಲೆ ತಮ್ಮ ಮೌಲ್ಯಮಾಪನದ ದಿನ ಹತ್ತಿರ ಬಂತು. ಮಾಲು ಮರಳಿಸುವ ಸಮಾರಂಭಕ್ಕೆ ನನಗೂ ಕರೆ ಬಂತು. ಅಂದು ನಾನು ಇಸ್ತ್ರಿ ಮಾಡಿದ ಧೋತರ ಉಟ್ಟು, ಅಪ್ಪನ ಬುರುಡೆ ಸುತ್ತಿ ತರಲು ಹಳೆಯ ರಗ್ಗು ಹಿಡಿದು ಹೋಗಿದ್ದೆ. ವೇದಿಕೆಯ ಮೇಲೆ ಕೆಲವರಿಗೆ ಸರ, ಕೆಲವರಿಗೆ ಮೊಬೈಲು ಕೊಟ್ಟರು. ನನ್ನ ಹೆಸರು ಕರೆದು ಐದು ಹಸಿ ಕುಂಬಳಕಾಯಿ ಕೊಟ್ಟರು. ತೊಟ್ಟಿನಲ್ಲಿ ಇನ್ನೂ ಸೊನೆ ಜಿನುಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಬಾಳಪ್ಪ ಕಿವಿಯಲ್ಲಿ ಹೇಳಿದ, "ನಿಮ್ಮದೊಂದ ಬಾಕಿ ಉಳದಿತ್ರಿ. ನೂರಕ್ಕ ನೂರ ಆಗಲಿಲ್ಲಂದ್ರ ಸಾಹೇಬ್ರು ನಮ್ಮನ್ನ ಬಿಡಂಗಿಲ್ಲ. ಐದ ಬರೋಬರಿ ಅದಾವ, ಎಣಿಸ್ಕೊಳ್ರಿ. ಒಣಗಸ್ರಿ ಬೇಕಾದ್ರ."

ನನ್ನ ತಪ್ಪನ್ನೂ ಮುಚ್ಚಿಡುವುದಿಲ್ಲ. ಸಭೆ ತುಂಬಿತ್ತು, ಕೊರಳಲ್ಲಿ ಹಾರವಿತ್ತು, ಎಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನನ್ನು ಯಾರೋ "ಸನ್ಮಾನ್ಯ" ಎಂದಿದ್ದರು. "ಮಾಲು ಮುಟ್ಟಿತು, ಸಂತೃಪ್ತನಾಗಿದ್ದೇನೆ" ಎಂಬುದರ ಕೆಳಗೆ ಸಹಿ ಮಾಡಿಬಿಟ್ಟೆ. ಫೋಟೋದಲ್ಲಿ ನಗುತ್ತಲೂ ಇದ್ದೇನೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಹಿ ಮಾಡಿದ ಇನ್ನೊಂದು ಕಾಗದ ಮುಚ್ಚಳಿಕೆ. ಮಾಲನ್ನು ಯಾರಿಗೂ ಕೊಡುವುದಿಲ್ಲ, ಅದರ ಆಕಾರ ಬದಲಿಸುವುದಿಲ್ಲ, ಕರೆದಾಗ ಕೋರ್ಟಿಗೆ ಹಾಜರುಪಡಿಸುತ್ತೇನೆ ಎಂದು. ನನ್ನ ಹೆಂಡತಿ ಸುಶೀಲಾಬಾಯಿ ಈಳಿಗೆಮಣೆ ಹಿಡಿದು ಬಂದಾಗ ನಾನು ಅಡ್ಡ ನಿಲ್ಲಬೇಕಾಯಿತು. "ಕುಂಬಳಕಾಯಿಗೆ ಪೊಲೀಸ ಬಂದೋಬಸ್ತ ಐತೇನು?" ಎಂದು ಆಕೆ ಬೈದಳು. ನಾನು ಮಾತಿಗೆ ತಪ್ಪುವವನಲ್ಲ, ಆದರೆ ಕುಂಬಳಕಾಯಿಗಳು ಮುಚ್ಚಳಿಕೆ ಬರೆದುಕೊಟ್ಟಿಲ್ಲವಲ್ಲ? ಎರಡು ಕೊಳೆತು ತಮ್ಮ ಆಕಾರವನ್ನು ತಾವೇ ಬದಲಿಸಿಕೊಂಡಿವೆ. ಕೋರ್ಟಿನಲ್ಲಿ ನಾನು ಏನೆಂದು ಹೇಳಲಿ?

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಠಾಣೆಯ ಲೆಕ್ಕದಲ್ಲಿ ಪ್ರಕರಣ ಮುಗಿದಿದೆ, ಹಾಗಾಗಿ ಅಪ್ಪನ ಬುರುಡೆಯನ್ನು ಈಗ ಯಾರೂ ಹುಡುಕುತ್ತಿಲ್ಲ. ಎಲ್ಲೋ ಒಬ್ಬ ಅದನ್ನು ಕೊಯ್ದು, ಬಣ್ಣ ಬಳಿದರೆ ಮೂರು ಗೆರೆಯೂ ಮುಚ್ಚಿಹೋಗುತ್ತದೆ. ಮೊನ್ನೆ ಸಂಪದಾ ಪಡಸಾಲೆಯಲ್ಲಿ ಕೂತು, ಅವಳ ಮುತ್ತಜ್ಜ ಬಡಿಯುತ್ತಿದ್ದ ಹಾಗೆ, ಉಳಿದ ಮೂರು ಕುಂಬಳಕಾಯಿಗಳನ್ನು ಒಂದೊಂದಾಗಿ ಬಡಿದು ಕಿವಿಯಿಟ್ಟು ಕೇಳಿದಳು. ಮರಾಠಿ ಶಾಲೆಯ ಹುಡುಗಿ, ಕನ್ನಡ ತಡೆದು ತಡೆದು ಬರುತ್ತದೆ. "ಅಜ್ಜಾ, ಸಿಕ್ಕೈತಿ ಅಂತ ನೀವ ಬರದ ಕೊಟ್ಟೀರಲ್ಲ. ಹಂಗಾರ ಆವಾಜ ಎಲ್ಲಿ ಐತಿ?" ಎಂದಳು.

ಆದ್ದರಿಂದ ಮಾನ್ಯರೇ, ಕಡತ ನೋಡಿ ಅಂಕ ಕೊಟ್ಟದ್ದು ಸಾಕು. ತಾವೇ ಒಮ್ಮೆ ನಮ್ಮ ಪಡಸಾಲೆಗೆ ಬನ್ನಿ, ಮೂಗಿಗೆ ಕರವಸ್ತ್ರ ತನ್ನಿ. ಆ ಹುಡುಗಿಯ ಪಕ್ಕದಲ್ಲಿ ಕೂತು ಕುಂಬಳಕಾಯಿ ಬಡಿದು ನೋಡಿ. ದನಿ ಬಂದರೆ ಫಲಕ ಗೋಡೆಯ ಮೇಲೇ ಇರಲಿ. ಬರದಿದ್ದರೆ ನನ್ನ ಸಂತೃಪ್ತಿಯನ್ನು ರದ್ದು ಮಾಡಿ, ಪ್ರಕರಣ ಮತ್ತೆ ತೆರೆಸಿ, ತೊಟ್ಟಿನ ಬಳಿ ಮೂರು ಗೆರೆಯಿರುವ ಬುರುಡೆಯನ್ನು ಹುಡುಕಿಸಿ. ಆಮೇಲೆ ಅವಳ ಪ್ರಶ್ನೆಗೆ ತಾವೇ ಉತ್ತರ ಕೊಡಿ, ನನ್ನಿಂದ ಆಗಲಿಲ್ಲ.

ಇಂತಿ,
ಸಹಿ ಮಾಡಿ ಕೆಟ್ಟ, ಸರ್ಕಾರಿ ದಾಖಲೆಯ ಪ್ರಕಾರ ಪೂರ್ಣ ಸಂತೃಪ್ತನಾದ,
ಮಹಾಲಿಂಗಪ್ಪ, ಬುರುಡೆ ವ್ಯಾಪಾರಿ, ಮಿರಜ
(ಸದ್ಯ ಮೂರು ಕುಂಬಳಕಾಯಿಗಳ ಕಾವಲುಗಾರ)