ಮೂರನೆಯ ಹಾಸುಗಲ್ಲು

ಮ್ಯಾಂಚೆಸ್ಟರ್
ಮಂಗಳವಾರ, 9 ಮಾರ್ಚ್ 1926

ಮಗಳೇ ಹೆಟ್ಟಿ,

ಹೇಗಿದ್ದೀಯ? ಕೆಮ್ಮು ಇಳಿಯಿತಾ? ಅಳಿಯಂದಿರು ಬ್ಯಾಂಕಿನಲ್ಲಿ ಇನ್ನೂ ಆ ಕಿಟಕಿ ಪಕ್ಕದ ಚಳಿಯಲ್ಲೇ ಕೂರುತ್ತಾರಾ? ನಿಮ್ಮಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಾನು ಕೆಲಸ ಬಿಟ್ಟು ಎರಡು ತಿಂಗಳಾದರೂ ಬೆಳಗ್ಗೆ ಎದ್ದು ಬೂಟು ಹಾಕಿಕೊಂಡು ಸುಮ್ಮನೆ ಕೂರುತ್ತೇನೆ.

ಸುದ್ದಿ ಏನೆಂದರೆ, ನಮ್ಮೂರಿನ ಕಸ ವಿಲೇವಾರಿಯ ಚರಿತ್ರೆಯನ್ನು ನಗರಸಭೆಯವರು ಪುಸ್ತಕ ಮಾಡಿಸುತ್ತಿದ್ದಾರೆ. ಅವರ ಗುಮಾಸ್ತನೊಬ್ಬ ನಮ್ಮ ಅಡುಗೆಮನೆಯಲ್ಲಿ ಕೂತು ಎರಡು ಕೆಟಲ್ ಟೀ ಮುಗಿಸಿ ನಾನು ಹೇಳಿದ್ದನ್ನೆಲ್ಲ ಬರೆದುಕೊಂಡ. ನಮ್ಮಪ್ಪ ಮನೆಮನೆಯ ಮಲದ ಡಬ್ಬಿ ಹೊತ್ತದ್ದರಿಂದಲೇ ಶುರುಮಾಡಿದೆ. ಅವನು ಬೀದಿಗೆ ಬಂದರೆ ಜನ ಮೂಗು ಮುಚ್ಚುತ್ತಿದ್ದರು, ಬರದಿದ್ದರೆ ಅವರ ಮಕ್ಕಳು ಜ್ವರದಲ್ಲಿ ಮಲಗುತ್ತಿದ್ದವು. ಆಮೇಲೆ ನಾವು ಕಸವನ್ನು ರೈಲಿಗೆ ತುಂಬಿ ಊರಾಚೆಯ ಜೌಗಿಗೆ ಸುರಿದು ಸುರಿದು ಅದನ್ನು ಹೊಲ ಮಾಡಿದೆವು. ಅಲ್ಲಿ ಬೆಳೆದ ಆಲೂಗಡ್ಡೆಯನ್ನು ಆ ಮೂಗು ಮುಚ್ಚಿದವರೇ ತಿಂದರು, ಅದನ್ನೂ ಬರೆದುಕೋ ಅಂದೆ. ಕೊನೆಗೆ ಕಸ ಸುಡುವ ಕುಲುಮೆ ಬಂತು. ಇಪ್ಪತ್ತಾರು ವರ್ಷ ಅದರ ಬಾಯಿಗೆ ಉಣಿಸಿದವನು ನಾನು. ಅದರ ಹಬೆಯಿಂದ ದೀಪ ಉರಿಯಿತು, ಸುಟ್ಟು ಉಳಿದ ಗಟ್ಟಿ ಕಿಟ್ಟವನ್ನು ಅರೆದು, ಸಿಮೆಂಟು ಬೆರೆಸಿ, ಅಚ್ಚಿನಲ್ಲಿ ಎರೆದು ಹಾಸುಗಲ್ಲು ಮಾಡಿದೆವು.

ಫೋಟೋ ತೆಗೆಯುವವನೂ ಬಂದಿದ್ದ. ನಿಮ್ಮಮ್ಮ, ನಿನ್ನ ಮದುವೆಗೆ ನಾನು ಹಾಕಿದ್ದ ಕೋಟು ತಂದು, "ಇದನ್ನ ಹಾಕ್ಕೊಂಡ್ರೆ ಮೇಯರ್ ಥರ ಕಾಣ್ತೀಯ, ಬಾಯಿ ಬಿಡದೆ ಇದ್ರೆ ಸಾಕು" ಅಂದಳು. ನಾನು ಹಾಕಿಕೊಳ್ಳಲಿಲ್ಲ. ಅವನನ್ನು ಕುಲುಮೆಗೇ ಕರೆದುಕೊಂಡು ಹೋಗಿ ಅದರ ಮುಂದೆ ಸಲಿಕೆ ಹಿಡಿದೇ ನಿಂತೆ.

ಆ ಕೋಟಿನಲ್ಲಿ ನಾನು ಒಂದು ದಿನ ಬಾಯಿ ಬಿಡದೆಯೂ ಇದ್ದೇನೆ, ಹೆಟ್ಟಿ. "ಅಪ್ಪಾ, ನಿನಗೆ ಗ್ಯಾಸ್ ಆಫೀಸಲ್ಲಿ ಕೆಲಸ ಅಂತ ಅವರ ಮನೇಲಿ ಹೇಳಿಬಿಟ್ಟಿದ್ದೀನಿ" ಎಂದು ನೀನು ಅತ್ತಾಗ ಒಪ್ಪಿಕೊಂಡೆ. ನೋವಾಯಿತು, ಆದರೆ ನಿನ್ನ ಮುಖ ನೋಡಿ ಒಪ್ಪಿಕೊಂಡೆ. ಮದುವೆಯ ದಿನ ನಿನ್ನತ್ತೆ ತಮ್ಮ ಮನೆಯ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ನಮ್ಮ ಈ ಹಾದಿ ನೋಡಿದ್ರಾ, ಆಗ್ಡನ್ ಅವರೇ? ಹನ್ನೆರಡು ವರ್ಷ ಆಯ್ತು, ಒಂದು ಕಲ್ಲೂ ಬಿರುಕು ಬಿಟ್ಟಿಲ್ಲ. ಇಂಥದ್ದು ಮಾಡೋರು ಈಗೆಲ್ಲಿ ಸಿಗ್ತಾರೆ?" ಅಂದರು. ನಾನು ಕೆಳಗೆ ನೋಡಿದೆ. ಆ ಕಾಲಕ್ಕೆ ಕಲ್ಲು ಎರೆಯುವ ನನ್ನ ಅಚ್ಚಿನ ಒಂದು ಮೂಲೆ ಮುಕ್ಕಾಗಿತ್ತು. ಅದರಲ್ಲಿ ಎರೆದ ಪ್ರತಿ ಕಲ್ಲಿನ ಮೂಲೆಯಲ್ಲೂ ಬಟಾಣಿ ಕಾಳಿನಷ್ಟು ಉಬ್ಬು ಇರುತ್ತಿತ್ತು. ಗೇಟಿನಿಂದ ಮೂರನೆಯ ಕಲ್ಲಿನಲ್ಲಿ ಅದು ಇತ್ತು. "ಚೆನ್ನಾಗಿದೆ" ಎಂದಷ್ಟೇ ಹೇಳಿ ಕೇಕು ತಿನ್ನಲು ಒಳಗೆ ಹೋದೆ.

ದೇವರು ನಿಮ್ಮಿಬ್ಬರನ್ನೂ ತಣ್ಣಗೆ ಇಟ್ಟಿರಲಿ. ಬೀಗರಿಗೆ ನನ್ನ ವಂದನೆ ಹೇಳು.

ನಿನ್ನ ಅಪ್ಪ,
ಎನಾಕ್ ಆಗ್ಡನ್

ಮರೆತಿದ್ದೆ: ಆ ಫೋಟೋ ಶನಿವಾರದ ಪತ್ರಿಕೆಯಲ್ಲಿ ಬರುತ್ತದೆ. ನಿನ್ನ ಮಾವ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಾರೆ. ಹೆಸರಿನ ಕೆಳಗೆ ಏನು ಕೆಲಸ ಎಂದು ಹಾಕೋಣ ಎಂದು ಪತ್ರಿಕೆಯವರು ಕೇಳಿದರು, ಇದ್ದದ್ದನ್ನೇ ಹೇಳಿದೆ. ಶನಿವಾರಕ್ಕೆ ಮೊದಲು ನಿನ್ನ ಬಾಯಿಂದಲೇ ಅವರಿಗೆ ಗೊತ್ತಾಗಲಿ. ಮಾತು ಹೊರಡದಿದ್ದರೆ ನಿನ್ನತ್ತೆಯನ್ನು ಗೇಟಿನ ಹತ್ತಿರ ಕರೆದುಕೊಂಡು ಹೋಗಿ ಆ ಮೂರನೆಯ ಕಲ್ಲು ತೋರಿಸು. ಮಾಡಿದವನು ಸಿಕ್ಕಿದ್ದಾನೆ ಅನ್ನು.