ಮೇಷ್ಟ್ರೇ, ನಿಮ್ಮ ಯಂತ್ರ ಸುಳ್ಳು ಹೇಳಿರಲಿಲ್ಲ

ಮೇಷ್ಟ್ರೇ,

ನಮಸ್ಕಾರದಿಂದ ಶುರು ಮಾಡಬೇಕು, ಗೊತ್ತು. ಆದರೆ ನಿಮ್ಮ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ನೀವು ಹೋಗಿ ಒಂದೂವರೆ ವರ್ಷಕ್ಕೂ ಮೇಲಾಯಿತು. ಇಷ್ಟು ದಿನ ಆ ಸಿಟ್ಟನ್ನೆಲ್ಲ ನಿಮ್ಮ ಅಂಗೈಯಗಲದ ಯಂತ್ರದ ಮೇಲೆ ತೀರಿಸಿಕೊಂಡೆ. ಅದು ತಪ್ಪು ಅಂತ ಈಗ ಗೊತ್ತಾಗಿದೆ. ಹಾಗಾಗಿ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ಹೊಳೆನರಸೀಪುರದ ನಿಮ್ಮ ಮನೆಗೆ ಆ ಯಂತ್ರದ ಪಾರ್ಸೆಲ್ ಬಂದ ದಿನ ನೆನಪಿದೆಯಾ? ಐಟಿಐಯಲ್ಲಿ ಮೂವತ್ತು ವರ್ಷ ವೈರ್‌ಲೆಸ್ ಕಲಿಸಿ ರಿಟೈರ್ ಆಗಿದ್ದವರು, ಮಿಠಾಯಿ ಡಬ್ಬಿ ತೆರೆಯುವವರ ಹಾಗೆ ಕೂತಿದ್ದಿರಿ. 'ನೆಟ್‌ವರ್ಕ್ ಅನಲೈಜರ್ ಮುಟ್ಟಕ್ಕೆ ನಮ್ ಕಾಲ್ದಲ್ಲಿ ಪ್ರಿನ್ಸಿಪಾಲ್ರು ಸೈನ್ ಬೇಕಿತ್ತು ಕಣಮ್ಮ ಸವಿತಾ. ಈಗ ನೋಡು, ಜೇಬಲ್ ಕೂತದೆ' ಅಂದಿರಿ. ನಿಮ್ಮ ಮನೆಯವರು, ಸುಶೀಲಮ್ಮನವರು, ಇದರಿಂದ ಏನಾಗುತ್ತೆ ಅಂತ ಕೇಳಿದ್ದಕ್ಕೆ ನೀವು ಕೊಟ್ಟ ವಿವರಣೆಯನ್ನೇ ನಾನು ಈಗಲೂ ಚನ್ನರಾಯಪಟ್ಟಣದ ನನ್ನ ಡಿಪ್ಲೊಮಾ ಮಕ್ಕಳಿಗೆ ಹೇಳುವುದು: ಇದು ಆಂಟೆನಾದೊಳಕ್ಕೆ ಒಂದು ಚೂರು ಸಿಗ್ನಲ್ ಕಳಿಸುತ್ತೆ, ಎಷ್ಟು ವಾಪಸ್ ಬಂತು ಅಂತ ನೋಡುತ್ತೆ. ವಾಪಸ್ ಬಂದದ್ದು ಕಮ್ಮಿಯಾದಷ್ಟೂ ಆಂಟೆನಾ ಚೆನ್ನಾಗಿದೆ ಅಂತ ಅರ್ಥ. ಹಾಗಂತ ನಂಬಿಸಿದ್ದು ನೀವೇ ಅಲ್ಲವಾ?

ಹಿತ್ತಿಲಿನ ನಿಮ್ಮ ಶೆಡ್ಡಿನಲ್ಲಿ ನಾವು ಜಗಳವಾಡಿದ ಭಾನುವಾರವನ್ನು ಮರೆಯಬೇಕು ಅಂದರೂ ಆಗುವುದಿಲ್ಲ. ಒಂದೇ ಆಂಟೆನಾವನ್ನು ಮೂರು ಸಲ ಅಳೆದೆ. ಮೂರು ಸಲವೂ ಬೇರೆ ಬೇರೆ ಲೆಕ್ಕ ತೋರಿಸಿತು. ವೈರ್ ಮುಟ್ಟಿದರೆ ಗೆರೆ ಕುಣಿಯುತ್ತಿತ್ತು, ಬಿಸಿಲಿಗೆ ಹಿಡಿದರೆ ಸ್ಕ್ರೀನ್ ಕಾಣುತ್ತಿರಲಿಲ್ಲ, ಕನೆಕ್ಟರ್ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಇದನ್ನು ಕಸಕ್ಕೆ ಹಾಕಿ, ಇದು ಆಟದ ಸಾಮಾನು ಅಂದುಬಿಟ್ಟೆ. ನೀವು ಜೋರಾಗಿ ಮಾತಾಡಲಿಲ್ಲ. 'ಎಲ್ಲಾರ್ ಕೈಗೂ ಎಟುಕೋದು ಇದೊಂದೇ ಕಣಮ್ಮ. ಸರಿ ಇಲ್ಲ ಅಂದ್ರೆ ಸರಿ ಮಾಡ್ಬೇಕು, ಬೈಬಾರ್ದು' ಅಂದು ಎದ್ದು ಒಳಗೆ ಹೋದಿರಿ. ಕಾಫಿ ಕುಡಿಯದೆ ನಾನೂ ಬಸ್ಸು ಹಿಡಿದೆ. ಆಮೇಲೆ ಎರಡು ವಾರ ನೀವು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಮೂರನೇ ವಾರ ಫೋನ್ ಬಂದಾಗ ಆ ಕಡೆ ಇದ್ದದ್ದು ಸುಶೀಲಮ್ಮನವರು. ಬೆಳಿಗ್ಗೆ ಹಾಲು ತರಲು ಹೋದವರು ದಾರಿಯಲ್ಲೇ...

ಹದಿಮೂರು ದಿನ ಕಳೆದ ಮೇಲೆ ಸುಶೀಲಮ್ಮನವರು ಆ ಯಂತ್ರವನ್ನು ನನ್ನ ಕೈಗಿಟ್ಟರು. ಅದು ನಿನಗೇ ಅಂತ ನೀವು ಯಾವಾಗಲೋ ಹೇಳಿದ್ದಿರಂತೆ. ಮನೆಗೆ ತಂದು ಬಿಚ್ಚಿ ನೋಡಿದರೆ ಒಳಗೆ ನಿಮ್ಮ ಕೈಚಳಕ. ಬಿಸ್ಕತ್ತಿನ ಡಬ್ಬಿಯ ತಗಡು ಕತ್ತರಿಸಿ ಅರ್ಧ ಸರ್ಕಿಟ್ಟಿಗೆ ಮುಚ್ಚಳ ಬೆಸೆದಿದ್ದಿರಿ, ಉಳಿದರ್ಧ ಹಾಗೇ ಬಿಟ್ಟಿದ್ದಿರಿ. ಒಂದು ಕೆಂಪು ವೈರು ಎಲ್ಲಿಂದಲೋ ಹೊರಟು ಎಲ್ಲಿಗೂ ಹೋಗದೆ ನಿಂತಿತ್ತು. ಯಾಕೆ, ಏನು ಅಂತ ಒಂದು ಚೀಟಿಯಾದರೂ ಇದೆಯಾ ಅಂತ ಶೆಡ್ಡೆಲ್ಲ ಹುಡುಕಿದೆ. ಮೂವತ್ತು ವರ್ಷ ನಮ್ಮ ಕೈಲಿ ರೆಕಾರ್ಡ್ ಬುಕ್ ಬರೆಸಿದ ಮೇಷ್ಟ್ರು, ಸ್ವಂತಕ್ಕೆ ಒಂದು ಸಾಲೂ ಬರೆದಿಡಲಿಲ್ಲ. ಯಂತ್ರವನ್ನು ಹಾಗೇ ಮುಚ್ಚಿ ಬೀರುವಿಗೆ ಹಾಕಿದೆ.

ಮಲ್ಲಿಪಟ್ಟಣದಿಂದ ನಿಂಗರಾಜು ಫೋನ್ ಮಾಡಿದ್ದು ಹೋದ ಮಳೆಗಾಲದ ಕೊನೆಗೆ. ಅಲ್ಲಿ ಆನೆ ಕಾವಲು ಕಾಯುವ ರೈತರ ಗುಂಪಿನವನು ಅಂತ ಹೇಳಿಕೊಂಡ, ನನ್ನ ನಂಬರ್ ಸುಶೀಲಮ್ಮನವರು ಕೊಟ್ಟರಂತೆ. ಆನೆ ಯಾವ ಕಡೆ ಇದೆ ಅಂತ ಕಾವಲಿನವರು ತಿಳಿಸುತ್ತಾರೆ, ನೀರಿನ ಟ್ಯಾಂಕಿನ ಬುಡದ ಕೋಣೆಯಲ್ಲಿರುವ ದೊಡ್ಡ ಸೆಟ್ಟಿನಿಂದ ಸುತ್ತಲ ಊರುಗಳಿಗೆ ಹೇಳುತ್ತಾರೆ, ಒಂದೊಂದು ಊರಿನಲ್ಲೂ ಒಂದೊಂದು ವಾಕಿಟಾಕಿ ಇದೆ. ಆಂಟೆನಾ ಟ್ಯಾಂಕಿನ ಮೇಲಿದೆ, ಕಟ್ಟಿಕೊಟ್ಟವರು ಹೊಳೆನರಸೀಪುರದ ಮೇಷ್ಟ್ರು. ಈಗ ಗುಡ್ಡದಾಚೆಯ ಕೊಪ್ಪಲಿಗೆ ಮಾತು ಸರಿಯಾಗಿ ಕೇಳಿಸುತ್ತಿಲ್ಲ, ಒಂದ್ಸಲ ಬಂದು ನೋಡಬೇಕು ಅಂದ. ನಿಮ್ಮ ಹೆಸರು ಕೇಳಿದ ಮೇಲೆ ಇಲ್ಲ ಅನ್ನಲಾಗುತ್ತದೆಯೇ? ಬೀರುವಿನಿಂದ ಯಂತ್ರ ತೆಗೆದೆ. ಬಸ್ಸು ನಿಮ್ಮೂರಿನ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತಿತು, ನಾನು ಇಳಿಯಲಿಲ್ಲ. ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಹೋದೆ.

ಕೋಣೆಯಲ್ಲಿ ಸೆಟ್ಟಿನ ಹಿಂದಿನಿಂದ ಕೇಬಲ್ ಬಿಚ್ಚಿ ಯಂತ್ರಕ್ಕೆ ಸಿಕ್ಕಿಸಿದೆ. ವಾಪಸ್ ಬರುತ್ತಿದ್ದದ್ದು ತೀರಾ ಕಮ್ಮಿ. ಪಾಠ ಮಾಡುವಾಗ ಬೋರ್ಡಿನ ಮೇಲೆ ಬರೆಯುವಂಥ ಅಂದವಾದ ಗೆರೆ. ಆಂಟೆನಾ ಚೆನ್ನಾಗಿದೆ, ಕೊಪ್ಪಲಿನ ವಾಕಿಟಾಕಿಯ ಬ್ಯಾಟರಿ ಹಳತಾಗಿರಬೇಕು, ಬದಲಿಸಿ ಅಂದೆ. ನಿಂಗರಾಜು ಎರಡೆರಡು ಸಲ ಕೇಳಿದ. ಎರಡು ಸಲವೂ ಚೆನ್ನಾಗಿದೆ ಅಂದೆ. ಟ್ಯಾಂಕು ಹತ್ತಲಿಲ್ಲ. ಮೂರೂವರೆ ಬಸ್ಸು ತಪ್ಪಿದರೆ ಮುಂದಿನದು ಸಂಜೆಗೆ ಅಂತ, ಅಷ್ಟೇ.

ನಾಲ್ಕನೇ ದಿನ ಬೆಳಿಗ್ಗೆ, ನಾನು ಲ್ಯಾಬಿನ ಬೀಗ ತೆಗೆಯುವಾಗ ಸುದ್ದಿ ಬಂತು. ಎರಡು ಆನೆ ಗುಡ್ಡ ಇಳಿಯುತ್ತಿವೆ ಅಂತ ನಿಂಗರಾಜು ದೊಡ್ಡ ಸೆಟ್ಟಿನಲ್ಲಿ ಐದಾರು ಸಲ ಕೂಗಿದ್ದಾನೆ. ಕೊಪ್ಪಲಿನ ಟೀ ಅಂಗಡಿಯಲ್ಲಿ ನೇತುಹಾಕಿದ್ದ ವಾಕಿಟಾಕಿಯಲ್ಲಿ ಬರೀ ಗೊರಗೊರ ಸದ್ದು. ಹೊಸ ಬ್ಯಾಟರಿ, ಆಂಟೆನಾ ಚೆನ್ನಾಗಿದೆ ಅಂತ ಮೇಡಂ ಬೇರೆ ಹೇಳಿ ಹೋಗಿದ್ದಾರೆ. ಮಾತು ಬರಲಿಲ್ಲ ಅಂದರೆ ಆನೆ ಇಲ್ಲ ಅಂತಲೇ ಜನ ಲೆಕ್ಕ ಹಾಕಿದರು. ಶುಂಠಿ ಹೊಲದ ಕೂಲಿಗೆ ಹೊರಟರು. ಎಲ್ಲರಿಗಿಂತ ಮುಂದಿದ್ದವರು ಲಕ್ಕಮ್ಮ. ತಿರುವಿನಲ್ಲಿ ಆನೆ ಎದುರಾಯಿತು. ಓಡುವಾಗ ಹೊಲದಂಚಿನ ಟ್ರೆಂಚಿಗೆ ಬಿದ್ದು ತೊಡೆಮೂಳೆ ಮುರಿಯಿತು. ಆನೆ ಟ್ರೆಂಚಿನ ದಡದಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ತಿರುಗಿ ಹೋಯಿತಂತೆ. ಅದು ಹೋಯಿತು ಅನ್ನುವುದೊಂದೇ...

ಹಾಸನದ ಆಸ್ಪತ್ರೆಯಲ್ಲಿ ಆಕೆಯನ್ನು ನೋಡಲು ಹೋದಾಗ ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದರು. ಐವತ್ತರ ಆಸುಪಾಸಿನ ಹೆಂಗಸು, ಸಣಕಲು ಮೈ. ಆಂಟೆನಾ ಸರಿಯಿದೆ ಅಂತ ಹೇಳಿ ಹೋದವಳು ನಾನೇ ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. 'ನಾನು ಅದ್ಕೆ ಕಿವಿ ಕೊಟ್ಟು ಕೇಳ್ಕಂಡೇ ಓದೆ ಕಣವ್ವ. ಏನೂ ಅನ್ಲಿಲ್ಲ ಅದು. ಅಂಗಾರೆ ಆನೆ ಇಲ್ಲ ಅಂದ್ಕಂಡೆ' ಅಂದರು. ಅಷ್ಟು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದರು. ತಂದಿದ್ದ ಮೂಸಂಬಿಯನ್ನು ಅವರ ಸೊಸೆಯ ಕೈಗೆ ಕೊಟ್ಟು ಹೊರಗೆ ಬಂದೆ.

ಮನೆಗೆ ಬಂದವಳೇ ಯಂತ್ರವನ್ನು ಮೇಜಿನ ಮೇಲೆ ಕುಕ್ಕಿದೆ. ತಪ್ಪು ಅದರದ್ದೇ ಆಗಬೇಕಿತ್ತು ನನಗೆ. ಸರಿ ಮಾಡಬೇಕು, ಬೈಬಾರದು ಅಂದಿದ್ದಿರಲ್ಲ, ಬೈದುಕೊಂಡೇ ಸರಿ ಮಾಡಿದೆ. ಒಂದೂವರೆ ತಿಂಗಳು, ದಿನಾ ಲ್ಯಾಬ್ ಶುರುವಾಗುವ ಮುಂಚೆ ಒಂದು ಗಂಟೆ. ಅಲ್ಲಾಡುವ ಕನೆಕ್ಟರ್ ಕಿತ್ತು ಹೊಸದು ಬೆಸೆದೆ, ಅದಕ್ಕೊಂದು ಗೇಣುದ್ದದ ವೈರನ್ನು ಖಾಯಮ್ಮಾಗಿ ಕಟ್ಟಿದೆ. ಸವೆದರೆ ಇನ್ನು ಆ ವೈರು ಸವೆಯಲಿ. ನೀವು ಅರ್ಧಕ್ಕೆ ಬಿಟ್ಟ ತಗಡಿನ ಮುಚ್ಚಳವನ್ನು ಪೂರ್ತಿ ಮಾಡಿದೆ. ಕುಣಿಯುತ್ತಿದ್ದ ಗೆರೆ ನಿಂತಿತು, ನೀವು ಯಾಕೆ ಆ ತಗಡು ಹಾಕಿದ್ದಿರಿ ಅಂತ ಆಗ ಗೊತ್ತಾಯಿತು. ಪ್ರತಿಸಲ ಅಳೆಯುವ ಮುಂಚೆ ಆ ಯಂತ್ರಕ್ಕೆ ಒಂದು ಸರಿಯಾದ ಐವತ್ತು ಓಮ್ ತೋರಿಸಿ, ಇದು ಐವತ್ತು ಅಂತ ಕಲಿಸಬೇಕಲ್ಲವಾ? ಅದಕ್ಕಂತ ಯಂತ್ರದ ಜೊತೆ ಬಂದಿದ್ದ ಐವತ್ತು ಓಮಿನ ಬಿರಡೆಯೇ ನೆಟ್ಟಗಿರಲಿಲ್ಲ. ನೂರು ಓಮಿನ ಎರಡು ರೆಸಿಸ್ಟರ್ ಅಕ್ಕಪಕ್ಕ ಜೋಡಿಸಿ ಬೇರೆ ಮಾಡಿಕೊಂಡೆ. ಆ ಕೆಂಪು ವೈರು ಮಾತ್ರ ಯಾತಕ್ಕೆ ಅಂತ ಇವತ್ತಿಗೂ ತಿಳಿದಿಲ್ಲ. ಕತ್ತರಿಸಿ ಹಾಕಿದೆ, ಕ್ಷಮಿಸಿ.

ಹಾಸನದ ಒಂದು ಕಾಲೇಜಿನಲ್ಲಿ ದೊಡ್ಡ ಅನಲೈಜರ್ ಇದೆ. ಅಲ್ಲಿರುವ ಗೆಳತಿಯನ್ನು ಕಾಡಿ ಬೇಡಿ ಅರ್ಧ ಗಂಟೆಗೆ ಅದನ್ನಿಟ್ಟಿದ್ದ ಬೀರು ತೆಗೆಸಿದೆ. ನಿಮ್ಮದನ್ನೂ ಅದನ್ನೂ ಪಕ್ಕಪಕ್ಕ ಇಟ್ಟು ಒಂದೇ ಆಂಟೆನಾ ಅಳೆದೆವು. ಎರಡು ಗೆರೆಯೂ ಒಂದರ ಮೇಲೊಂದು ಕೂತವು. ನೀವಿದ್ದಿದ್ದರೆ ಕಾಲೇಜಿನವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಿರಿ. ನನಗೆ ಖುಷಿ ಆಯಿತು, ಇಲ್ಲ ಅನ್ನುವುದಿಲ್ಲ. ಆ ಖುಷಿಯಲ್ಲೇ ಮಲ್ಲಿಪಟ್ಟಣಕ್ಕೆ ಓಡಿದೆ. ಈಗ ನಿಜ ಹೊರಬರುತ್ತದೆ ಅಂದುಕೊಂಡು ಅದೇ ಕೇಬಲ್ಲಿಗೆ ಸಿಕ್ಕಿಸಿದೆ. ಮತ್ತೆ ಅದೇ ಅಂದವಾದ ಗೆರೆ. ಚೆನ್ನಾಗಿದೆ! ಅಷ್ಟೂ ದಿನ ಕೂತು ಕಣ್ಣು ಹಾಳುಮಾಡಿಕೊಂಡದ್ದು ಇದೇ ಉತ್ತರ ಕೇಳುವುದಕ್ಕಾ? ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನಿಂಗರಾಜು ಟ್ಯಾಂಕು ಹತ್ತಿ ಆಂಟೆನಾದ ನಟ್ಟು ಬೋಲ್ಟಾದರೂ ನೋಡುತ್ತೇನೆ ಅಂದ. ನೋಡುವುದಾದರೆ ಪೂರ್ತಿ ಬಿಚ್ಚಿಯೇ ನೋಡು ಅಂದೆ, ಬೇಸರದಲ್ಲಿ. ಸ್ವಲ್ಪ ಹೊತ್ತಿಗೆ ಮೇಲಿಂದ 'ಬಿಚ್ದೆ ಮೇಡಂ, ಆಂಟೆನಾ ಕೈಯಲ್ ಅದೆ' ಅಂತ ಕೂಗಿದ. ನಾನು ಯಂತ್ರ ನೋಡಿದೆ. ಗೆರೆ ಅಲ್ಲಾಡಿರಲಿಲ್ಲ. ಕೇಬಲ್ಲಿನ ತುದಿಯಲ್ಲಿ ಆಂಟೆನಾನೇ ಇಲ್ಲ, ಆದರೂ ಚೆನ್ನಾಗಿದೆ ಅನ್ನುತ್ತಿತ್ತು. ಆಗ ಹೊಳೆಯಿತು ಮೇಷ್ಟ್ರೇ. ವಾಪಸ್ ಬರದೇ ಇದ್ದದ್ದು ಆಂಟೆನಾ ಅದನ್ನೆಲ್ಲ ಹೊರಗೆ ಕಳಿಸುತ್ತಿದೆ ಅಂತಲ್ಲ. ಹೋಗುವಾಗಲೂ ಬರುವಾಗಲೂ ಕೇಬಲ್ಲೇ ನುಂಗುತ್ತಿತ್ತು. ಸೆಟ್ಟಿನಿಂದ ಹೊರಟದ್ದರಲ್ಲಿ ಹತ್ತರಲ್ಲೊಂದು ಪಾಲು ಆಂಟೆನಾ ಮುಟ್ಟುತ್ತಿತ್ತೋ ಏನೋ. ಯಂತ್ರ ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಕೊಟ್ಟಿತ್ತು. ಕೇಳಿದವಳಿಗೆ ಬುದ್ಧಿ ಇರಲಿಲ್ಲ.

ಟ್ಯಾಂಕಿನ ಏಣಿ ಹತ್ತಿದೆ, ಕೊನೆಗೂ. ನಿಂಗರಾಜು ಬಿಚ್ಚಿದ್ದ ಕನೆಕ್ಟರಿನ ಕೆಳಗೆ, ಕೇಬಲ್ಲಿನ ಮೇಲೆ, ಮಾಮೂಲಿ ಕರೆಂಟ್ ಟೇಪ್ ಇನ್ನೂ ಸುತ್ತಿತ್ತು. ಬಿಚ್ಚಿದರೆ ಒಳಗಿಂದ ನೀರು ಬಂತು. ತಾಮ್ರದ ಜಾಲರಿ ಹಸಿರುಗಟ್ಟಿ ಪುಡಿಯಾಗಿತ್ತು, ಅಲ್ಲಿಂದ ಕೆಳಗೆ ಮೂರು ಮಾರು ಸೀಳಿದರೂ ಒದ್ದೆ. ಆ ಟೇಪು ಸುತ್ತಿದ್ದು ನಿಮ್ಮ ಕೈ. ಕೊನೆಯಲ್ಲಿ ಒಂದು ಗಂಟು ಹಾಕಿ ತುದಿ ಮಡಚುವುದು ಜಗತ್ತಿನಲ್ಲಿ ನೀವೊಬ್ಬರೇ. ಎಷ್ಟು ಕೋಪ ಬಂತು ಗೊತ್ತಾ? ಮಳೆ ಬೀಳುವ ಜಾಗಕ್ಕೆ ಈ ಟೇಪು ಸುತ್ತಿದರೆ ನಮ್ಮ ಅರ್ಧ ಮಾರ್ಕು ಕಿತ್ತುಕೊಳ್ಳುತ್ತಿದ್ದವರು ನೀವು. ಒಂದು ಹೆಂಗಸಿನ ಕಾಲು ಮುರಿಯಿತಲ್ಲ ಮೇಷ್ಟ್ರೇ. ಆ ಮಾತನ್ನು ನಿಂಗರಾಜುವಿಗೆ ಹೇಳಬಾರದು ಅಂತಿದ್ದೆ, ಬಾಯಿಗೆ ಬಂದೇಬಿಟ್ಟಿತು. ಇದು ಮೇಷ್ಟ್ರು ಮಾಡಿದ ಎಡವಟ್ಟು ಅಂದೆ.

ನಿಂಗರಾಜು ಏಣಿಯ ಮೇಲೆ ನಿಂತೇ ಹೇಳಿದ. 'ಮಳೆ ಇಡ್ಕಂಡಿತ್ತು ಮೇಡಂ ಅವತ್ತು. ಬ್ಯಾಡಿ ಸಾ ಅಂದ್ರೂ ಕೇಳ್ದೆ ಟ್ಯಾಂಕ್ ಅತ್ತುದ್ರು. ಇದು ಒಂದ್ ವಾರಕ್ಕೆ ಅಷ್ಟೇ ಕಣಯ್ಯ, ನಮ್ ಸವಿತಾ ಅಂತ ಒಬ್ಳವ್ಳೆ, ಅವಳ್ನ ಕರ್ಕಂಡ್ ಬತ್ತೀನಿ, ಇಬ್ರೂ ಸೇರ್ಕಂಡ್ ಸರಿಯಾಗ್ ಮಾಡ್ತೀವಿ ಅಂದಿದ್ರು.'

ಯಾವ ದಿನ ಅದು ಅಂತ ಕೇಳಿದೆ. ಅವನು ನೆನಪು ಮಾಡಿಕೊಂಡು ಹೇಳಿದ. ನಾವು ಮಾತು ಬಿಟ್ಟಿದ್ದ ಎರಡನೇ ವಾರ. ಯಾಕೆ ಫೋನ್ ಮಾಡಲಿಲ್ಲ ನೀವು? ಒಂದು ಮಿಸ್ಡ್ ಕಾಲ್ ಕೊಟ್ಟಿದ್ದರೆ ನಾನು ಬರುತ್ತಿರಲಿಲ್ಲವಾ? ಅಥವಾ ನಾನೇ, ಚಿಕ್ಕವಳು, ಒಂದು ಸಲ... ಬಿಡಿ. ಟ್ಯಾಂಕಿನ ಮೇಲೆ ನಿಂತು ಅಳುವುದು ಅಪಾಯ ಅಂತ ನಿಂಗರಾಜು ನನ್ನನ್ನು ಮೊದಲು ಇಳಿಸಿದ.

ಹೊಸ ಕೇಬಲ್ ಎಳೆದ ದಿನ ನಾನು ಮಾಡಿದ ಮೊದಲ ಕೆಲಸ, ಆಂಟೆನಾ ಸಿಕ್ಕಿಸುವ ಮುಂಚೆ ಬರಿ ಕೇಬಲ್ಲನ್ನೇ ಅಳೆದದ್ದು. ಕಳಿಸಿದ್ದೆಲ್ಲ ಹೆಚ್ಚುಕಮ್ಮಿ ಹಾಗೇ ವಾಪಸ್ ಬಂತು, ಅಂದರೆ ಈ ಕೇಬಲ್ ಏನನ್ನೂ ನುಂಗುತ್ತಿಲ್ಲ. ಆಮೇಲೆ ಆಂಟೆನಾ ಕಟ್ಟಿ, ಮಳೆಗೆ ತಡೆಯುವ ರಬ್ಬರ್ ಟೇಪನ್ನೇ ಸುತ್ತಿದೆವು. ಅಂದುಕೊಂಡಷ್ಟು ಸುಲಭಕ್ಕೆ ಮುಗಿಯಲಿಲ್ಲ. ಬಿಸಿಲಿನಲ್ಲಿ ಸ್ಕ್ರೀನ್ ಈಗಲೂ ಕಾಣುವುದಿಲ್ಲ, ಸೆರಗು ಹೊದ್ದು ಒಳಗೆ ತಲೆ ಹಾಕಿ ನೋಡಬೇಕಾಯಿತು. ಬ್ಯಾಟರಿ ಮಧ್ಯದಲ್ಲೇ ಕೈಕೊಟ್ಟಿತು. ನಮ್ಮ ಪ್ರಿನ್ಸಿಪಾಲರು ಇಂಥ ಯಂತ್ರವನ್ನು ಲ್ಯಾಬಿಗೆ ಸೇರಿಸಲು ಇನ್ನೂ ಒಪ್ಪಿಲ್ಲ, ಕಂಪನಿ ಹೆಸರಿಲ್ಲವಂತೆ. ಲಕ್ಕಮ್ಮನ ಕಾಲು ಕೂಡಿದೆ, ಆದರೆ ಎಳೆದುಕೊಂಡೇ ನಡೆಯುತ್ತಾರೆ. ಶುಂಠಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂರಲು ಇನ್ನು ಆಗುವುದಿಲ್ಲ ಅಂದರು ಡಾಕ್ಟರು. ಇದನ್ನು ಯಾವ ಟೇಪು ಸುತ್ತಿ ಸರಿ ಮಾಡಲಿ?

ನಿಮಗೆ ಹೇಳಬೇಕಾದ ಸುದ್ದಿ ಇನ್ನೊಂದಿದೆ. ದೊಡ್ಡ ಸೆಟ್ಟಿನ ಮುಂದೆ ಬೆಳಗಿನ ಪಾಳಿಗೆ ಒಬ್ಬರು ಬೇಕಿತ್ತು. ಲಕ್ಕಮ್ಮ ತಾವೇ ಕೇಳಿ ಆ ಕೆಲಸ ತೆಗೆದುಕೊಂಡರು. ಕೂತ ಮೊದಲ ದಿನವೇ ಒಂದು ಕಟ್ಟಳೆ ಮಾಡಿದರು: ಆನೆ ಇರಲಿ ಇಲ್ಲದಿರಲಿ, ಕಾಲು ಗಂಟೆಗೊಮ್ಮೆ ಅವರು ಮಾತಾಡುತ್ತಾರೆ. ಅವರ ದನಿ ಕೇಳದಿದ್ದರೆ ಯಾರೂ ಮನೆ ಬಿಡಬಾರದು. ನಿಮಗಾಗಲಿ ನನಗಾಗಲಿ ಇದು ಹೊಳೆದಿರಲಿಲ್ಲ. ಹೋದ ಮಂಗಳವಾರ ನಾನು ಅಲ್ಲೇ ಇದ್ದೆ. ಬೆಳಿಗ್ಗೆ ಆರೂವರೆಗೆ ಕಾವಲಿನವನಿಂದ ಸುದ್ದಿ ಬಂತು, ಅವರು ಮೈಕ್ ಹಿಡಿದರು. 'ಕೊಪ್ಪಲಿನೋರೆ, ಲಕ್ಕಮ್ಮ ಮಾತಾಡ್ತಿರಾದು. ಮೂರ್ ಆನೆ ತಿರುವಲ್ಲೇ ನಿಂತವೆ. ನಾನ್ ಯೋಳೋಗಂಟ ಯಾರೂ ಈಚೆ ಬರ್ಬ್ಯಾಡಿ.'

ಗುಡ್ಡದಾಚೆಯಿಂದ ಉತ್ತರ ಬರುವ ತನಕ ನಾನು ಸೆಟ್ಟಿಗೇ ಕಿವಿ ಕೊಟ್ಟು ಕೂತಿದ್ದೆ. ಟೀ ಅಂಗಡಿಯವನ ದನಿ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು. ಕೇಳಿಸಿತು ಅಂದ. ಅವತ್ತು ಎಂಟು ಗಂಟೆಯವರೆಗೂ ಆ ಕೊಪ್ಪಲಿನಲ್ಲಿ ಒಬ್ಬರೂ ಹೊಸ್ತಿಲು ದಾಟಲಿಲ್ಲ, ಮೇಷ್ಟ್ರೇ.

ನಿಮ್ಮ
ಸವಿತಾ