ತುಪ್ಪದ ಖಟ್ಲೆ

ಅವ್ವಾ,

ನಿನ್ನ ಮೇಲೆ ನಾನು ಹೂಡಿದ್ದ ಖಟ್ಲೆ ಇಂದು ಬಾಗಲಕೋಟೆಯಲ್ಲಿ ಬಿದ್ದುಹೋಯಿತು.

ಅಲ್ಲಿನ ಸಭೆಯೊಂದರಲ್ಲಿ ಬೊಜ್ಜಿಗೆ ಕಾರಣ ಯಾರು, ಕರಗಿಸುವುದು ಹೇಗೆ ಎಂಬ ಘನ ಚರ್ಚೆಯಿತ್ತು. ಒಬ್ಬರು ಅಂಗಡಿಯ ಪೊಟ್ಟಣಗಳನ್ನು ಬೈದರು, ಇನ್ನೊಬ್ಬರು ಕುರ್ಚಿಯನ್ನು ಬೈದರು. ಹಿಂದೆ ಪತ್ರಿಕೆಯ ನನ್ನ ಅಂಕಣದಲ್ಲಿ ಬರೆದದ್ದನ್ನೇ ನಾನು ಎದ್ದುನಿಂತು, ಹೊಟ್ಟೆ ತೋರಿಸಿ ಹೇಳಿದೆ: "ನಮ್ಮವ್ವ ರೊಟ್ಟಿಗೆ ಸುರಿದ ತುಪ್ಪ ಐತಲ್ಲ, ಅದ ಇದಕ್ಕ ಕಾರಣ ನೋಡ್ರಿ!"

ವೇದಿಕೆಯ ಮೇಲಿದ್ದ ಡಾಕ್ಟರ್ ಪ್ರಾಚಿ ಕೇಳಿದರು: "ಅವರು ಕಡೀಕ ಬಡಿಸಿದ್ದು ಯಾವಾಗ್ರಿ?"

"ತೀರಿಕೊಂಡು ಆರು ವರ್ಷ ಆತ್ರಿ."

"ಆಮ್ಯಾಲೆ ತೂಕ ಇಳೀತೇನ್ರಿ?"

"ಹನ್ನೊಂದು ಕಿಲೋ ಏರೇತ್ರಿ."

ಸಭೆ ಬಿದ್ದು ಬಿದ್ದು ನಕ್ಕಿತು.

"ಹಂಗಾರ ಪಾಪ, ಅವರನ್ನ ಬಿಡ್ರಿ ಸರ. ದಿನಾ ಕುಂತಲ್ಲೇ ಬರೀತೀರಿ, ಓಣಿ ದಾಟಾಕೂ ಗಾಡಿ ಹತ್ತತೀರಿ, ಮನಿತನದ ಮೈಯೂ ಇದ್ದೀತು. ಕಾರಣ ಒಂದ ಇರೂದಿಲ್ಲ. ನಾಳಿಂದ ನಡೀರಿ" ಎಂದರು.

ಎಷ್ಟು ನಿರಾಳವಾಯಿತು ಗೊತ್ತೇ! ನೀನು ನಿರ್ದೋಷಿ. ಎಲ್ಲರೆದುರು ಕೈಮುಗಿದು, ಹೊಟ್ಟೆಯನ್ನು ನನ್ನ ಹೆಸರಿಗೇ ಬರೆಸಿಕೊಂಡು ಬಂದೆ.

ಆ ಅಂಕಣವನ್ನು ನಿನಗೆ ಯಾರು ಓದಿ ಹೇಳಿದರೋ, ನಾನು ಕೇಳಲೇ ಇಲ್ಲ. ಅದುವರೆಗೆ ಕೇಳದೆಯೇ ಸುರಿಯುತ್ತಿದ್ದವಳು, ಅಂದಿನಿಂದ ನೀನು ತುಪ್ಪದ ಗಿಂಡಿ ಹಿಡಿದು "ಹಾಕ್ಲೇನಪಾ?" ಎಂದು ಕೇಳಿ, ನಾನು ಹೂಂ ಅನ್ನುವವರೆಗೂ ನಿಂತಿರುತ್ತಿದ್ದೆ.

ಇನ್ನು ಕೇಳಬೇಡವ್ವಾ, ಸುರಿದುಬಿಡು.